ಇಂಗ್ಲೀಷಿನ ಬಂಧುವಾಚಕಗಳೂ ಕನ್ನಡದ ವಂಶಾವಳಿಯೂ

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ತಂದೆಯ ತಮ್ಮನು ಮನೆಯಲ್ಲಿ ಚಿಕ್ಕಪ್ಪ ಅಥವಾ ಕಾಕಾ. ತಾಯಿಯ ಸೋದರನು ಕನ್ನಡದಲ್ಲಿ ಸೋದರಮಾವ, ಮರಾಠಿಯಲ್ಲಿ ಮಾಮಾ. ಇಂಗ್ಲೀಷಿನಲ್ಲಿ ಇಬ್ಬರೂ ‘ಅಂಕಲ್’. ದಿನನಿತ್ಯದ ಮಾತಿಗೆ ಇದರಿಂದ ತೊಡಕಾಗದು. ಆದರೆ ಮನೆತನದ ವಂಶಾವಳಿಯನ್ನು ಇಂಗ್ಲೀಷಿನಲ್ಲಿ ಬರೆದಿಡಲು ತೊಡಗಿದೊಡನೆ ಸಂಬಂಧದ ಎಳೆ ಕಡಿದುಹೋಗುತ್ತದೆ.

ಇಂಗ್ಲೀಷು ಮೊದಲಿನಿಂದಲೂ ಹೀಗಿರಲಿಲ್ಲ. ಪ್ರಾಚೀನ ಇಂಗ್ಲೀಷಿನಲ್ಲಿ ತಂದೆಯ ಸೋದರನಿಗೂ ತಾಯಿಯ ಸೋದರನಿಗೂ ಬೇರೆ ಬೇರೆ ಪದಗಳಿದ್ದವು. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ಮೂಲಕ ಬಂದ ‘ಅಂಕಲ್’ ಅವೆರಡರ ಸ್ಥಾನವನ್ನೂ ಆಕ್ರಮಿಸಿತು. ಇದರ ಮೂಲವಾದ ಲ್ಯಾಟಿನ್ ‘ಅವುಂಕುಲುಸ್’ ತಾಯಿಯ ಸೋದರನನ್ನು ಮಾತ್ರ ಸೂಚಿಸುತ್ತಿತ್ತು. ‘ಆಂಟ್’ ಎಂಬುದರ ಮೂಲಪದಕ್ಕೆ ಸೋದರತ್ತೆ ಎಂದಷ್ಟೇ ಅರ್ಥ. ‘ಕಸಿನ್’ ಪದದ ಮೂಲವೂ ಮೊದಲು ತಾಯಿಯ ಸೋದರಿಯ ಮಕ್ಕಳಿಗೆ ಸಲ್ಲುತ್ತಿದ್ದುದೇ.

‘ಕಸಿನ್’ ಮಾಡುವ ಗೊಂದಲಕ್ಕೆ ಮಹಾಭಾರತವೇ ನಿದರ್ಶನ. ದುರ್ಯೋಧನನು ಅರ್ಜುನನ ದೊಡ್ಡಪ್ಪನ ಮಗ. ಕೃಷ್ಣನು ಸೋದರಮಾವನ ಮಗ. ಇಂಗ್ಲೀಷಿನಲ್ಲಿ ಇಬ್ಬರೂ ಅರ್ಜುನನಿಗೆ ‘ಕಸಿನ್’. ಕನ್ನಡದಲ್ಲಾದರೋ ಮೊದಲನೆಯವನು ಅಣ್ಣತಮ್ಮಂದಿರ ಸಾಲಿನ ದಾಯಾದಿ. ಎರಡನೆಯವನು, ಹಳೆಯ ಪ್ರಯೋಗದಂತೆ, ಮೈದುನ. ರಾಜ್ಯದ ಪಾಲಿಗಾಗಿ ಯುದ್ಧವಾದುದು ದಾಯಾದಿಯೊಡನೆ. ಅರ್ಜುನನು ಸುಭದ್ರೆಯನ್ನು ವರಿಸಿದುದು ಮೈದುನನ ಮನೆಯಿಂದ. ಆಸ್ತಿಯ ಹಕ್ಕು, ವಿವಾಹದ ಯೋಗ್ಯತೆ ಎರಡೂ ಆ ಪದಗಳಲ್ಲಿಯೇ ಅಡಗಿವೆ.

ಹಾಗೆಂದು ಕನ್ನಡವು ಎಲ್ಲವನ್ನೂ ಬಿಡಿಸಿ ಹೇಳುವ ಭಾಷೆಯೆಂದು ತಿಳಿಯಲಾಗದು. ಇಂಗ್ಲೀಷು ಬೇರ್ಪಡಿಸುವುದನ್ನು ಕನ್ನಡ ಕೂಡಿಸುವುದೂ ಉಂಟು. ತಾಯಿಯ ಸೋದರನೂ ಮಾವ, ಹೆಂಡತಿಯ ತಂದೆಯೂ ಮಾವ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರಸಂಬಂಧದ ಮದುವೆ ರೂಢಿಯಲ್ಲಿದ್ದ ಸಮಾಜದಲ್ಲಿ ಈ ಇಬ್ಬರೂ ಅನೇಕ ವೇಳೆ ಒಬ್ಬನೇ ಆಗಿರುತ್ತಿದ್ದುದು ಇದಕ್ಕೆ ಹಿನ್ನೆಲೆ. 1565ರಲ್ಲಿ ತಾಳೀಕೋಟೆಯ ಯುದ್ಧದಲ್ಲಿ ಮಡಿದ ಅಳಿಯ ರಾಮರಾಯನು ಕೃಷ್ಣದೇವರಾಯನ ಮಗಳ ಗಂಡ. ತುಳುನಾಡಿನ ಅಳಿಯಸಂತಾನದಲ್ಲಿ ಅಳಿಯನೆಂದರೆ ಸೋದರಿಯ ಮಗ. ಎರಡೆಡೆಯೂ ಒಂದೇ ಇಂಗ್ಲೀಷ್ ಪದವನ್ನಿಟ್ಟರೆ ಚರಿತ್ರೆಯೇ ತಪ್ಪಾದೀತು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಭಾರತದ ಬಂಧುವ್ಯವಸ್ಥೆಗಳನ್ನು ಪ್ರದೇಶವಾರು ವಿಂಗಡಿಸಿ, ಮಹಾರಾಷ್ಟ್ರವನ್ನು ಉತ್ತರ ದಕ್ಷಿಣಗಳ ನಡುವಣ ವಲಯದಲ್ಲಿರಿಸಿದರು. ಬಳಕೆಯ ಮಾತಿನಲ್ಲಿಯೂ ಈ ಬೆಸುಗೆ ಕಾಣುತ್ತದೆ. ಮರಾಠಿಯ ಆತ್ಯಾ ಕನ್ನಡದ ಅತ್ತೆಯನ್ನು ನೆನಪಿಸುತ್ತದೆ. ಅಣ್ಣಾ, ಅಕ್ಕಾ ಮರಾಠಿ ಮನೆಗಳಲ್ಲಿಯೂ ಕೇಳಿಬರುತ್ತವೆ. ಅತ್ತ ಧಾರವಾಡದ ಕಡೆಯ ಕನ್ನಡದಲ್ಲಿ ಕಾಕಾ, ವೈನಿ, ಮೌಶಿ ನೆಲೆಯೂರಿವೆ. ಪದಗಳು ಗಡಿ ದಾಟಿದರೂ ತಂದೆಯ ಕಡೆ, ತಾಯಿಯ ಕಡೆ ಎಂಬ ವಿವೇಚನೆ ಎರಡು ಭಾಷೆಗಳಲ್ಲಿಯೂ ಅಳಿದಿಲ್ಲ.

ಆದ್ದರಿಂದ ಪರಸ್ಥಳದಲ್ಲಿರುವ ಕನ್ನಡಿಗರು ಇಂಗ್ಲೀಷಿನಲ್ಲಿ ವಂಶಾವಳಿ ಬರೆಯುವಾಗ ‘ಅಂಕಲ್’, ‘ಕಸಿನ್’ಗಳನ್ನು ನೆಚ್ಚದೆ, ತಾಯಿಯ ತಮ್ಮ, ತಂದೆಯ ಅಕ್ಕನ ಮಗಳು ಎಂದು ಸಂಬಂಧದ ದಾರಿಯನ್ನೇ ಬಿಡಿಸಿ ಬರೆದು, ಪಕ್ಕದಲ್ಲಿ ಮನೆಯಲ್ಲಿ ಕರೆಯುವ ಪದವನ್ನೂ ನಮೂದಿಸುವುದು ಲೇಸು. ಹಿರಿಯರು ಕಣ್ಮರೆಯಾದ ಮೇಲೆ ಯಾರು ಯಾರಿಗೆ ಏನಾಗಬೇಕೆಂಬುದನ್ನು ಮೊಮ್ಮಕ್ಕಳಿಗೆ ತಿಳಿಸಲು ಆ ಬರಹವೊಂದೇ ಉಳಿಯುತ್ತದೆ.