ಹಂಚಿಕೆಯ ಪ್ರಿಂಟರ್‌ಗಳು: ಪ್ರಿಂಟ್ ಸ್ಪೂಲರ್ ಸೇವೆಯ ನಿರ್ವಹಣೆ ಕುರಿತ ವಿವರಣಾ ಟಿಪ್ಪಣಿ

(ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು ಹಾಗೂ ಡಾಟಾ ಎಂಟ್ರಿ ಆಪರೇಟರ್‌ಗಳ ಗಮನಕ್ಕೆ)

ಅನೇಕ ಕಛೇರಿಗಳಲ್ಲಿ ಪ್ರಿಂಟರನ್ನು ಒಂದು ಗಣಕಯಂತ್ರಕ್ಕೆ ಜೋಡಿಸಿ, ಉಳಿದ ಗಣಕಯಂತ್ರಗಳಿಂದ ಜಾಲದ ಮೂಲಕ ಬಳಸಲಾಗುತ್ತದೆ. ನಮೂನೆ-9, ನಮೂನೆ-11ಬಿ, ತೆರಿಗೆ ರಸೀದಿ, ಸಭಾ ನಡಾವಳಿ ಎಲ್ಲವೂ ಇದೇ ಮಾರ್ಗವಾಗಿ ಹೊರಬರುತ್ತವೆ. ಮುದ್ರಣ ನಿಂತಾಗ ಪ್ರಿಂಟರ್ ಕೆಟ್ಟಿದೆಯೆಂದು ಭಾವಿಸಿ ಅರ್ಜಿದಾರರನ್ನು ಮರುದಿನ ಬರಲು ಹೇಳುವ ಮುನ್ನ, ಮುದ್ರಣದ ಸರದಿಯನ್ನು ನಿರ್ವಹಿಸುವ ಸೇವೆಯನ್ನು ಪರಿಶೀಲಿಸುವುದು ಅವಶ್ಯಕ.

1. ಸೇವೆಯು ಕಾರ್ಯನಿರ್ವಹಿಸುವ ಬಗೆ

ವಿಂಡೋಸ್ ಗಣಕಯಂತ್ರಗಳಲ್ಲಿ ಈ ಕೆಲಸವನ್ನು ‘ಪ್ರಿಂಟ್ ಸ್ಪೂಲರ್’ ಎಂಬ ಹಿನ್ನೆಲೆ ಸೇವೆಯು ಮಾಡುತ್ತದೆ. ಮುದ್ರಣದ ಆದೇಶ ನೀಡಿದೊಡನೆ ದಾಖಲೆಯು ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಮೊದಲು ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂಬ ಕ್ರಮದಲ್ಲಿರುವ ಫೋಲ್ಡರಿನಲ್ಲಿ ಕಡತವಾಗಿ ಶೇಖರವಾಗಿ, ತನ್ನ ಸರದಿ ಬಂದಾಗ ಮುದ್ರಣಗೊಳ್ಳುತ್ತದೆ. ಪ್ರಿಂಟರ್ ಜೋಡಿಸಿರುವ ಗಣಕಯಂತ್ರವು ಆಫ್ ಆಗಿದ್ದರೆ ಅಥವಾ ಸ್ಲೀಪ್ ಸ್ಥಿತಿಯಲ್ಲಿದ್ದರೆ ಇತರರ ಕೋರಿಕೆಗಳು ತಲುಪುವುದಿಲ್ಲ.

ಸರದಿಯಲ್ಲಿ ಉಳಿದ ಕಡತವು ಗಣಕಯಂತ್ರ ಆಫ್ ಮಾಡಿದರೂ ಅಳಿಸಿಹೋಗುವುದಿಲ್ಲ. ಆದ್ದರಿಂದಲೇ ಹಿಂದಿನ ದಿನ ನಿಂತ ದಾಖಲೆ ಮರುದಿನ ಬೆಳಿಗ್ಗೆ ತಾನಾಗಿಯೇ ಮುದ್ರಣಗೊಳ್ಳುವುದುಂಟು. ಪ್ರಿಂಟ್ ಗುಂಡಿಯನ್ನು ಪದೇ ಪದೇ ಒತ್ತಿದಲ್ಲಿ ಅಷ್ಟೂ ಪ್ರತಿಗಳು ಒಮ್ಮೆಲೇ ಹೊರಬಂದು, ಒಬ್ಬರ ಆಸ್ತಿ ಅಥವಾ ಆಧಾರ್ ವಿವರಗಳುಳ್ಳ ಹಾಳೆಗಳು ಅನ್ಯರ ಕೈಸೇರುವ ಸಂಭವವಿರುತ್ತದೆ.

2. ಸರದಿಯು ಸ್ಥಗಿತಗೊಂಡಾಗ

ಅ) ಕಾಗದ, ಕೇಬಲ್ ಹಾಗೂ ವಿದ್ಯುತ್ ಸಂಪರ್ಕವನ್ನು ಮೊದಲು ಪರಿಶೀಲಿಸತಕ್ಕದ್ದು.

ಆ) ಪ್ರಿಂಟರಿನ ಸರದಿಪಟ್ಟಿ ತೆರೆದು, ದೋಷ ತೋರಿಸುತ್ತಿರುವ ಕೋರಿಕೆಯೊಂದನ್ನೇ ರದ್ದುಪಡಿಸತಕ್ಕದ್ದು.

ಇ) ಅದು ರದ್ದಾಗದಿದ್ದಲ್ಲಿ, ಪ್ರಿಂಟರ್ ಜೋಡಿಸಿರುವ ಗಣಕಯಂತ್ರದಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆಯ ಮೂಲಕ ‘ಸರ್ವೀಸಸ್’ ಪಟ್ಟಿ ತೆರೆದು ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ, ಮೇಲೆ ತಿಳಿಸಿದ ಫೋಲ್ಡರಿನೊಳಗಿನ ಕಡತಗಳನ್ನು ಅಳಿಸಿ, ಸೇವೆಯನ್ನು ಪುನಃ ಪ್ರಾರಂಭಿಸತಕ್ಕದ್ದು. ಫೋಲ್ಡರನ್ನೇ ಅಳಿಸಬಾರದು. ಈ ಕ್ರಮದಿಂದ ಎಲ್ಲ ಸಿಬ್ಬಂದಿಯ ಬಾಕಿ ಕೋರಿಕೆಗಳೂ ರದ್ದಾಗುವುದರಿಂದ ಅವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಈ) ಸೇವೆಯ ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಆಟೋಮ್ಯಾಟಿಕ್’ ಎಂದು ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

3. ಭದ್ರತೆ

ಈ ಸೇವೆಯು ಗಣಕಯಂತ್ರದ ಅತ್ಯುನ್ನತ ಅಧಿಕಾರದೊಂದಿಗೆ ನಡೆಯುವುದರಿಂದ, ಇದರಲ್ಲಿನ ಲೋಪವು ಇಡೀ ಯಂತ್ರವನ್ನೇ ಪರರ ವಶಕ್ಕೆ ಒಪ್ಪಿಸಬಲ್ಲದು. 2021ರಲ್ಲಿ ಬೆಳಕಿಗೆ ಬಂದ ‘ಪ್ರಿಂಟ್‌ನೈಟ್‌ಮೇರ್’ ಎಂಬ ಲೋಪವು ಇಂತಹುದೇ ಆಗಿದ್ದು, ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಜುಲೈನಲ್ಲಿ ತುರ್ತು ಪರಿಷ್ಕರಣೆಯನ್ನು ಬಿಡುಗಡೆ ಮಾಡಿತು. 2010ರಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಕುತಂತ್ರಾಂಶವು ಸಹ ಹರಡಲು ಬಳಸಿಕೊಂಡ ಮಾರ್ಗಗಳಲ್ಲಿ ಈ ಸೇವೆಯ ಲೋಪವೂ ಒಂದು.

ಆದುದರಿಂದ ವಿಂಡೋಸ್ ಪರಿಷ್ಕರಣೆಗಳನ್ನು ತಡೆಹಿಡಿಯಬಾರದು. ಮುದ್ರಣದ ಅಗತ್ಯವೇ ಇಲ್ಲದ ಗಣಕಯಂತ್ರ ಹಾಗೂ ಸರ್ವರ್‌ಗಳಲ್ಲಿ ಈ ಸೇವೆಯನ್ನು ನಿಷ್ಕ್ರಿಯಗೊಳಿಸುವುದು ಸೂಕ್ತ. ಇತರರೊಂದಿಗೆ ಪ್ರಿಂಟರ್ ಹಂಚಿಕೊಳ್ಳದ ಗಣಕಯಂತ್ರಗಳಲ್ಲಿ, ಸ್ವಂತ ಮುದ್ರಣಕ್ಕೆ ಸೇವೆ ಬೇಕಾಗುವುದರಿಂದ ಅದನ್ನು ನಿಲ್ಲಿಸದೆ, ಜಾಲದಿಂದ ಬರುವ ಕೋರಿಕೆಗಳನ್ನು ಸ್ವೀಕರಿಸದಂತೆ ಗ್ರೂಪ್ ಪಾಲಿಸಿಯಲ್ಲಿ ತಾಂತ್ರಿಕ ಸಿಬ್ಬಂದಿಯಿಂದ ನಿರ್ಬಂಧಿಸಬಹುದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿರುವುದರಿಂದ, ಅಂತಹ ಯಂತ್ರಗಳನ್ನು ಹಂಚಿಕೆಯ ಪ್ರಿಂಟರಿಗೆ ಆಧಾರವಾಗಿ ಬಳಸದಿರುವುದು ಕ್ಷೇಮಕರ.

ಪ್ರತಿ ಕಛೇರಿಯಲ್ಲಿ ಪ್ರಿಂಟರ್ ಜೋಡಿಸಿರುವ ಗಣಕಯಂತ್ರ ಯಾವುದು, ಅದರ ಹೊಣೆ ಯಾರದು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವುದು ಹಾಗೂ ದಿನದ ಕೊನೆಗೆ ಸರದಿಪಟ್ಟಿ ಖಾಲಿಯಾಗಿರುವುದನ್ನು ನೋಡಿಕೊಳ್ಳುವುದು ಅಪೇಕ್ಷಣೀಯ. ಇಷ್ಟು ಪಾಲಿಸಿದಲ್ಲಿ ಸಾರ್ವಜನಿಕರ ಅನಗತ್ಯ ಅಲೆದಾಟವು ತಪ್ಪುವುದಲ್ಲದೆ, ಅವರ ದಾಖಲೆಗಳ ಗೌಪ್ಯತೆಯೂ ಉಳಿಯುವುದು.