ಗಾಳಿಗೆ ಹಾರದ ಮಡಚು ಚಪ್ಪರ

ಪ್ರಶ್ನೆ: ಮೋಟಾರು ರೇಸಿನ ಪ್ಯಾಡಕ್‌ಗೂ (ವಾಹನಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಆವರಣ) ಕೊಪ್ಪಳದ ಗವಿಮಠದ ಜಾತ್ರೆಯ ಅಂಗಡಿಗೂ ಒದಗುವ ಗಟ್ಟಿ ಚಪ್ಪರವನ್ನು ಹೇಗೆ ಆರಿಸಬೇಕು?

ಉತ್ತರ: ಪವನ ವಿದ್ಯುತ್ ಯಂತ್ರಗಳು ನಿಂತಿರುವ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲಿ ಚಪ್ಪರಕ್ಕೆ ಬಿಸಿಲಿಗಿಂತ ಗಾಳಿಯೇ ದೊಡ್ಡ ಪರೀಕ್ಷೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿಯೂ 3 ಮೀಟರ್ ಚೌಕದ ಹೊದಿಕೆಯ ಮೇಲೆ ಸುಮಾರು 50 ಕಿಲೋ ತೂಕದಷ್ಟು ಬಲ ಹಾಕಬಲ್ಲದು; ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದಕಾರಣ ಕಾಲಿನ ಕೊಳವೆಯ ದಪ್ಪವನ್ನೂ, ಕತ್ತರಿಯಂತೆ ಮಡಚುವ ಅಡ್ಡಪಟ್ಟಿಗಳ ಕೀಲುಗಳನ್ನೂ (ಚೌಕಟ್ಟು ಸಾಮಾನ್ಯವಾಗಿ ಸೋಲುವುದು ಅಲ್ಲಿಯೇ) ಬಟ್ಟೆಯ ಬಣ್ಣಕ್ಕಿಂತ ಮೊದಲು ಪರೀಕ್ಷಿಸಬೇಕು. ಆಗಾಗ ಸಾಗಿಸುವವರಿಗೆ ಹಗುರವಾದ, ತುಕ್ಕು ಹಿಡಿಯದ ಅಲ್ಯೂಮಿನಿಯಂ ಮೇಲು. ಗೂಟ ಇಳಿಯದ ಕಾಂಕ್ರೀಟ್ ನೆಲದಲ್ಲಿ ಪ್ರತಿ ಕಾಲಿಗೂ ಕನಿಷ್ಠ 20 ಕಿಲೋ ಮರಳುಚೀಲ ಕಟ್ಟಬೇಕು, ಬಿರುಗಾಳಿ ಎದ್ದರೆ ತಡಮಾಡದೆ ಚಪ್ಪರವನ್ನು ಮಡಚಿಡಬೇಕು.