23 ವರ್ಷ ತಡವಾಗಿ ಬಂದ ಪದಕ

ಮಡಿಕೇರಿಯ ಹಳೇ ಖಾಸಗಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪ್ರತಿಮೆ ಇದೆ. ಬೆಂಗಳೂರಿನಿಂದ ನಮ್ಮೂರು ಮೂರ್ನಾಡಿಗೆ ಹೋಗುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆಯೂ ನಿಂತು ಹೆಸರು ಓದಿರಲಿಲ್ಲ.

2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂತು. “ನಿಮ್ಮ ಕೊಡಗಿನವರ ಕಥೆಯಂತೆ, ನಿಜವಾಗ್ಲೂ ಹೀಗೇ ನಡೀತಾ?” ಅಂತ ಆಫೀಸಿನ ಗೆಳೆಯರು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಕೂತು ಓದಿದೆ.

ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರಲ್ಲಿ. ವಾಯುಪಡೆಯಲ್ಲಿ ಹೊಸಬರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಮೇಷ್ಟ್ರು. 1965ರ ಯುದ್ಧ ಶುರುವಾದಾಗ ನಂಬರ್ 1 ಸ್ಕ್ವಾಡ್ರನ್‌ನಲ್ಲಿದ್ದರು.

ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ ಗೊತ್ತಾ? ಅವರು ಸ್ಟ್ಯಾಂಡ್‌ಬೈ. ಯಾರಾದರೂ ಹಿಂದೆ ಸರಿದರೆ ಮಾತ್ರ ಅವರ ಸರದಿ. ಒಂದು ಜಾಗ ಖಾಲಿಯಾಯಿತು, ಅವರು ಹೊರಟರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕನ್ ವಿಮಾನ. ಅದರ ಮುಂದೆ ಮಿಸ್ಟೇರ್ ಬಹಳ ನಿಧಾನ. ಹೊಡೆದಾಡುತ್ತಾ ನಿಂತರೆ ವಾಪಸ್ ಬರಲು ಇಂಧನವೂ ಸಾಲದು. ದೇವಯ್ಯರ ವಿಮಾನಕ್ಕೆ ಏಟು ಬಿತ್ತು. ಆದರೂ ತಿರುಗಿ ನಿಂತು ಗುಂಡಿನ ಮಳೆಗರೆದು ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದರು. ದೇವಯ್ಯ ಬರಲಿಲ್ಲ. ಆಗ ಅವರಿಗೆ ಬರೀ 32 ವರ್ಷ.

ಇದನ್ನೆಲ್ಲ ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ಉಳಿದದ್ದು ‘ನಾಪತ್ತೆ’ ಅನ್ನೋ ಒಂದೇ ಪದ. ಪತ್ನಿ ಸುಂದರಿ ದೇವಯ್ಯ ಆ ಪದದೊಂದಿಗೇ ವರ್ಷಗಟ್ಟಲೆ ಬದುಕಬೇಕಾಯಿತು. ಸತ್ತರು ಅನ್ನಲೂ ಆಗದು, ಬರ್ತಾರೆ ಅನ್ನಲೂ ಆಗದು.

ಸತ್ಯ ಹೊರಬಂದದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯ ಬಗ್ಗೆ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಬರೆದ ಪುಸ್ತಕದಲ್ಲಿ ಈ ಕಾಳಗದ ವಿವರವಿತ್ತು. ಅಂದಿನ ದಾಳಿಯ ನಾಯಕ ಓ.ಪಿ. ತನೇಜಾ, ಅದು ದೇವಯ್ಯರ ಸಾಹಸವೇ ಎಂದು ಸರ್ಕಾರದ ಗಮನಕ್ಕೆ ತಂದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಅಷ್ಟೊತ್ತಿಗೆ 23 ವರ್ಷ ಕಳೆದಿತ್ತು.

ನಮಗೆ ಮಾಡಿದ ಕೆಲಸವನ್ನು ಬಾಸ್ ಅದೇ ವಾರ ಗುರುತಿಸದಿದ್ದರೆ ಬೇಜಾರು. ಆ ಮನುಷ್ಯನಿಗೆ ನೋಡುವವರೇ ಇರಲಿಲ್ಲ. ಓಡಿಹೋಗಲು ಯತ್ನಿಸಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಕಳೆದ ಸಲ ಅಪ್ಪನ ಜೊತೆ ಹೋದಾಗ ಪ್ರತಿಮೆಯ ಮುಂದೆ ನಿಂತೆ. “ಇಷ್ಟು ವರ್ಷ ಆದ್ಮೇಲೆ ಕಾಣಿಸ್ತಾ ನಿಂಗೆ?” ಅಂದರು ಅಪ್ಪ. ಮಡಿಕೇರಿಗೆ ಬಂದರೆ ನೀವು ರಾಜಾಸೀಟ್‌ಗೆ ಹೋಗೇ ಹೋಗ್ತೀರಿ. ಅದಕ್ಕೂ ಮೊದಲು ಐದು ನಿಮಿಷ ಇಲ್ಲಿ ನಿಲ್ಲಿ.